ಬಾಣ ಬಂತು, ದಾರಿ ಎಲ್ಲಿ?

ಡಿಪ್ಲೊಮಾ ಕೊನೆಯ ವರ್ಷದಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಪ್ರಾಜೆಕ್ಟಿಗೆಂದು ತನ್ನ ಕಾಲೇಜಿನ ಗ್ರಂಥಾಲಯಕ್ಕೆ ಒಂದು ಮೊಬೈಲ್ ಆ್ಯಪ್ ಬರೆದಿದ್ದಾಳೆ ಎಂದುಕೊಳ್ಳಿ. ಪುಸ್ತಕಗಳ ಪಟ್ಟಿ; ಪಟ್ಟಿಯಲ್ಲಿ ಒಂದು ಹೆಸರನ್ನು ಮುಟ್ಟಿದರೆ ಆ ಪುಸ್ತಕದ ವಿವರ; ಬೇಕಿದ್ದರೆ ಕಾಯ್ದಿರಿಸಲು ಒಂದು ಅರ್ಜಿ. ಮೂರೇ ಪರದೆ, ಆದರೆ ಮೂರು ತಿಂಗಳ ದುಡಿಮೆ. ಒಪ್ಪಿಸುವ ದಿನ ಹತ್ತಿರ ಬಂದಾಗ ಅದನ್ನು ಅಪ್ಪನ ಫೋನಿಗೆ ಹಾಕಿಕೊಟ್ಟು ಪಕ್ಕದಲ್ಲಿ ನಿಂತಿದ್ದಾಳೆ. ಅಪ್ಪ ಕನ್ನಡಕ ಏರಿಸಿ, ಪಟ್ಟಿಯನ್ನು ಬಹಳ ಕೆಳಗಿನವರೆಗೆ ಸರಿಸಿ, ಒಂದು ಪುಸ್ತಕವನ್ನು ಮುಟ್ಟುತ್ತಾರೆ. ವಿವರ ಬಂತು. ಮೆಚ್ಚಿ ತಲೆಯಾಡಿಸಿ, ಪಟ್ಟಿಗೆ ಹಿಂದಿರುಗಲು ಪರದೆಯ ಎಡ ಮೇಲ್ಮೂಲೆಯಲ್ಲಿರುವ ಬಾಣದ ಗುರುತನ್ನು ಒತ್ತುತ್ತಾರೆ. ಏನೂ ಆಗುವುದಿಲ್ಲ. ಮತ್ತೊಮ್ಮೆ, ಈ ಸಲ ಸ್ವಲ್ಪ ಗಟ್ಟಿಯಾಗಿ ಒತ್ತುತ್ತಾರೆ.

“ಇದೇನಮ್ಮಾ, ಹಿಂದಕ್ಕೇ ಹೋಗ್ತಿಲ್ಲ?”

“ಅದನ್ನ ಒತ್ತಬೇಡಪ್ಪ, ಅದು ಸುಮ್ನೆ ಇದೆ. ಪಕ್ಕದಿಂದ ಬೆರಳು ಎಳಿ, ಹೋಗುತ್ತೆ.”

“ಸುಮ್ನೆ ಯಾಕಿದೆ ಮತ್ತೆ?”

ಪ್ರಾಜೆಕ್ಟ್ ನೋಡಲು ಬರುವ ಪರೀಕ್ಷಕರು ಕೇಳಬಹುದಾದ ಪ್ರಶ್ನೆಯೂ ಇದೇ. ಮೊಬೈಲ್ ಆ್ಯಪ್ ಬರೆಯಲು ಹೊರಟ ವಿದ್ಯಾರ್ಥಿಗಳಲ್ಲಿ ಹಲವರು ಮೊದಲು ಎಡವುವ ಕಲ್ಲುಗಳಲ್ಲಿ ಇದೊಂದು. ಬಾಣ ಕಾಣಿಸುತ್ತದೆ, ಒತ್ತಿದರೆ ಕದಲುವುದಿಲ್ಲ. ತಪ್ಪಿನ ಸಂದೇಶವೂ ಬರುವುದಿಲ್ಲ. ಆ್ಯಪ್ ಕುಸಿದು ಬಿದ್ದರೆ ಎಲ್ಲಿ ಬಿತ್ತೆಂದು ಹುಡುಕಬಹುದು. ಸುಮ್ಮನೆ ಕುಳಿತಿರುವ ಬಾಣದಲ್ಲಿ ಏನನ್ನು ಹುಡುಕುವುದು?

ಆ ಬಾಣ ಅಲ್ಲಿಗೆ ಬಂದದ್ದು ಹೇಗೆಂದು ಮೊದಲು ನೋಡಬೇಕು. ಆಂಡ್ರಾಯ್ಡ್ ಫೋನಿನ ಆ್ಯಪ್‌ಗಳಲ್ಲಿ ಪರದೆಯ ನೆತ್ತಿಯ ಮೇಲೆ ಒಂದು ಅಡ್ಡಪಟ್ಟಿ ಇರುತ್ತದೆ. ನಡುವೆ ಆ ಪುಟದ ಹೆಸರು, ಬಲಕ್ಕೆ ಹುಡುಕುವ ಭೂತಗನ್ನಡಿಯೋ ಮೂರು ಚುಕ್ಕಿಯೋ, ಎಡಕ್ಕೆ ಬಾಣ. 2011ರಲ್ಲಿ ಆಂಡ್ರಾಯ್ಡ್ 3.0 ಬಂದಾಗ ಇದು ‘ಆ್ಯಕ್ಷನ್ ಬಾರ್’ ಆಗಿತ್ತು, 2014ರಲ್ಲಿ 5.0 ಆವೃತ್ತಿಯ ಜೊತೆ ‘ಟೂಲ್‌ಬಾರ್’ ಬಂತು. ಮೊದಲನೆಯದು ಬಾಗಿಲಿನ ಚೌಕಟ್ಟಿನ ಹಾಗೆ ಪರದೆಯ ಜೊತೆಗೇ ಬರುವಂಥದ್ದು. ಎರಡನೆಯದನ್ನು ಆ್ಯಪ್ ಬರೆಯುವವರೇ ತಮಗೆ ಬೇಕಾದಲ್ಲಿ ಕೂರಿಸಿಕೊಳ್ಳಬಹುದು. ಎರಡನ್ನೂ ಒಟ್ಟಿಗೆ ಇಡಲು ಹೋದರೆ ಆ್ಯಪ್ ತೆರೆಯುತ್ತಿದ್ದಂತೆಯೇ ಕುಸಿಯುತ್ತದೆ. ಆದ್ದರಿಂದ ಟೂಲ್‌ಬಾರ್ ಬಳಸುವವರು ಆ್ಯಕ್ಷನ್ ಬಾರ್ ಇಲ್ಲದ ‘ಥೀಮ್’ ಆರಿಸಿಕೊಳ್ಳಬೇಕು. ಇದಿಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ, ಹುಡುಗಿಯೂ ಮಾಡಿದ್ದಾಳೆ.

ಅನಂತರ ಆಕೆ ಬರೆದದ್ದು ಎರಡು ಸಾಲು. ಮೊದಲನೆಯದು, ‘ಈ ಟೂಲ್‌ಬಾರನ್ನೇ ನನ್ನ ಪರದೆಯ ಅಡ್ಡಪಟ್ಟಿಯೆಂದು ತಿಳಿ’ ಎಂಬ ಆಜ್ಞೆ. ಎರಡನೆಯದರ ಹೆಸರು ಉದ್ದವಾಗಿದೆ: ‘ಸೆಟ್ ಡಿಸ್‌ಪ್ಲೇ ಹೋಮ್ ಆ್ಯಸ್ ಅಪ್ ಎನೇಬಲ್ಡ್’, ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆದದ್ದು. ಈ ಸಾಲು ಬರೆದೊಡನೆ ಬಾಣ ಕಾಣಿಸಿಕೊಂಡಿತು, ಹುಡುಗಿ ಸಂತೋಷಪಟ್ಟು ಮುಂದಿನ ಕೆಲಸಕ್ಕೆ ಹೋದಳು. ಹೆಸರಿನಲ್ಲೇ ಗುಟ್ಟಿದೆ ನೋಡಿ. ‘ಡಿಸ್‌ಪ್ಲೇ’ ಎಂದರೆ ತೋರಿಸು. ತೋರಿಸೆಂದರೆ ತೋರಿಸಿತು, ಅಷ್ಟೆ. ಕರೆಗಂಟೆಯ ಗುಂಡಿಯನ್ನು ಬಾಗಿಲ ಪಕ್ಕದ ಗೋಡೆಗೆ ಕೂರಿಸಿ, ಒಳಗೆ ಗಂಟೆಯವರೆಗೆ ವೈರು ಎಳೆಯದೆ ಬಿಟ್ಟ ಹಾಗೆ.

ಹಾಗಾದರೆ ಅದೇ ಎರಡು ಸಾಲು ಬೇರೆಯವರ ಆ್ಯಪಿನಲ್ಲಿ ಸರಿಯಾಗಿ ಕೆಲಸ ಮಾಡುತ್ತದಲ್ಲ, ಅದು ಹೇಗೆ? ಇಲ್ಲಿಯೇ ನಕಲು ಮಾಡುವವರು ಮೋಸ ಹೋಗುವುದು. ಪ್ರತಿ ಆಂಡ್ರಾಯ್ಡ್ ಆ್ಯಪಿನಲ್ಲೂ ‘ಮ್ಯಾನಿಫೆಸ್ಟ್’ ಎಂಬ ಕಡತವೊಂದಿರುತ್ತದೆ. ಆ್ಯಪಿನಲ್ಲಿ ಯಾವ ಯಾವ ಪರದೆಗಳಿವೆ, ಅದಕ್ಕೆ ಏನೇನು ಅನುಮತಿ ಬೇಕು ಎಂಬುದೆಲ್ಲ ಅಲ್ಲಿ ದಾಖಲಾಗಬೇಕು. ಮನೆಯ ರೇಷನ್ ಕಾರ್ಡಿನಂತೆ. ಒಂದು ಪರದೆಯ ‘ತಂದೆ ಅಥವಾ ತಾಯಿ’ ಯಾವುದೆಂದೂ ಅಲ್ಲಿ ಬರೆಯಬಹುದು: ವಿವರದ ಪರದೆಯ ಹಿರಿಯ ಪರದೆ ಪಟ್ಟಿಯ ಪರದೆ, ಹೀಗೆ. ಬಾಣ ಒತ್ತಿದಾಗ ಬೇರೇನೂ ಹೇಳದಿದ್ದರೆ ವ್ಯವಸ್ಥೆಯು ಈ ದಾಖಲೆಯನ್ನು ನೋಡಿ ಹಿರಿಯರ ಬಳಿಗೆ ಕರೆದೊಯ್ಯುತ್ತದೆ. ದಾಖಲೆಯಲ್ಲಿ ಹಿರಿಯರ ಹೆಸರೇ ಇಲ್ಲದಿದ್ದರೆ? ಎಲ್ಲಿಗೂ ಹೋಗುವುದಿಲ್ಲ, ತೆಪ್ಪಗಿರುತ್ತದೆ. ಹುಡುಗಿ ನೋಡಿ ಬರೆದುಕೊಂಡ ಮಾದರಿಯಲ್ಲಿ ಮ್ಯಾನಿಫೆಸ್ಟಿನ ಆ ಸಾಲು ಇತ್ತು; ಆಕೆ ನೋಡಿದ್ದು ಒಂದೇ ಕಡತವನ್ನು. ಅರ್ಧ ವಿದ್ಯೆ ಒಂದು ಕಡತದಲ್ಲಿ, ಉಳಿದರ್ಧ ಇನ್ನೊಂದರಲ್ಲಿ!

ಮ್ಯಾನಿಫೆಸ್ಟ್ ಬೇಡವೆನ್ನುವವರು ಬಾಣದ ಕಿವಿಗೇ ಹೇಳಬಹುದು. ‘ನಿನ್ನನ್ನು ಒತ್ತಿದಾಗ ಹೀಗೆ ಮಾಡು’ ಎಂದು ಟೂಲ್‌ಬಾರಿಗೆ ತಿಳಿಸಲು ಬೇರೆಯೇ ಆಜ್ಞೆಯಿದೆ: ‘ಸೆಟ್ ನ್ಯಾವಿಗೇಷನ್ ಆನ್ ಕ್ಲಿಕ್ ಲಿಸನರ್’. ಲಿಸನರ್ ಎಂದರೆ ಕೇಳಿಸಿಕೊಳ್ಳುವವನು. ಇದರಲ್ಲೂ ಒಂದು ಕೊಕ್ಕೆಯುಂಟು. ಕೇಳುವವನನ್ನು ಮೊದಲು ನೇಮಿಸಿ, ಆಮೇಲೆ ‘ಈ ಟೂಲ್‌ಬಾರೇ ನನ್ನ ಅಡ್ಡಪಟ್ಟಿ’ ಎಂಬ ಆಜ್ಞೆ ಕೊಟ್ಟರೆ, ಆ ಆಜ್ಞೆಯು ತನ್ನದೇ ಆಳನ್ನು ಅಲ್ಲಿ ಕೂರಿಸಿ ಮೊದಲಿನವನನ್ನು ಎಬ್ಬಿಸಿಬಿಡುತ್ತದೆ. ಬರೆದದ್ದೆಲ್ಲ ಸರಿಯಿದೆ, ಕ್ರಮ ಮಾತ್ರ ಹಿಂದುಮುಂದಾಗಿದೆ. ಅದಕ್ಕೂ ತಪ್ಪಿನ ಸಂದೇಶವಿಲ್ಲ. ಎರಡು ಸಾಲುಗಳ ಸ್ಥಾನ ಬದಲಿಸಿದರೆ ಸರಿಹೋಗುವ ಈ ದೋಷಕ್ಕೆ ಇಡೀ ರಾತ್ರಿ ನಿದ್ದೆಗೆಟ್ಟವರಿದ್ದಾರೆ.

ಸರಿ, ವೈರು ಎಳೆದದ್ದಾಯಿತು. ಒತ್ತಿದಾಗ ಮಾಡಬೇಕಾದದ್ದು ಏನು? ‘ಪಟ್ಟಿಯ ಪರದೆಯನ್ನು ತೆರೆ’ ಎಂದು ಬರೆದರೆ ಸಾಕಲ್ಲ ಎಂದು ಯಾರಿಗಾದರೂ ತೋರುತ್ತದೆ. ಹುಡುಗಿಗೂ ಹಾಗೇ ತೋರಿತು, ಹಾಗೇ ಬರೆದಳು. ಬೆಳಿಗ್ಗೆ ಅಪ್ಪನ ಕೈಗೆ ಫೋನು ಮತ್ತೆ ಬಂತು. ಬಾಣ ಒತ್ತಿದರು, ಪಟ್ಟಿ ಬಂತು. ಆದರೆ ಅವರು ಎಷ್ಟೋ ಪುಸ್ತಕ ದಾಟಿ ಕೆಳಗೆ ಹೋಗಿದ್ದರು. ಈಗ ಪಟ್ಟಿ ಮತ್ತೆ ಮೊದಲ ಪುಸ್ತಕದಿಂದ ಆರಂಭ. ಗೊಣಗುತ್ತ ಐದು ಪುಸ್ತಕ ನೋಡಿ, ಪ್ರತಿ ಸಲವೂ ಬಾಣದಿಂದ ಹಿಂದೆ ಬಂದರು. ಸಾಕೆನಿಸಿ ಆ್ಯಪಿನಿಂದ ಹೊರಬರಲು ಫೋನಿನ ಬ್ಯಾಕ್ ಒತ್ತಿದರೆ, ಪುಸ್ತಕದ ವಿವರ ಬಂತು. ಮತ್ತೆ ಒತ್ತಿದರೆ ಪಟ್ಟಿ. ಮತ್ತೆ ವಿವರ, ಮತ್ತೆ ಪಟ್ಟಿ. ಗಾಣದ ಎತ್ತಿನಂತೆ ಸುತ್ತಿದ್ದೇ ಸುತ್ತಿದ್ದು.

ಇದರ ಕಾರಣ ದ್ವಿತೀಯ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಗೊತ್ತಿರಬೇಕು. ಅಲ್ಲಿ ‘ಸ್ಟ್ಯಾಕ್’ ಎಂಬ ಪಾಠವಿದೆ. ಪುಶ್, ಪಾಪ್, ಕೊನೆಗೆ ಬಂದದ್ದು ಮೊದಲು ಹೊರಗೆ, ಹೀಗೆ. ಅಂಕಕ್ಕಾಗಿ ಬಾಯಿಪಾಠ ಮಾಡಿ ಮರೆತ ಪಾಠ. ಅಮ್ಮ ಕಾವಲಿಯಿಂದ ತೆಗೆದು ಒಂದರ ಮೇಲೊಂದು ಹಾಕುವ ದೋಸೆಗಳೇ ಸ್ಟ್ಯಾಕ್. ಕೊನೆಯಲ್ಲಿ ಹಾಕಿದ ಬಿಸಿ ದೋಸೆ ಮೇಲಿರುತ್ತದೆ, ಅದನ್ನೇ ಮೊದಲು ಎತ್ತಿಕೊಳ್ಳುವುದು. ಫೋನೂ ಅಷ್ಟೆ. ಹೊಸ ಪರದೆ ತೆರೆದಾಗ ಹಳೆಯದನ್ನು ಎಸೆಯುವುದಿಲ್ಲ, ಅದರ ಮೇಲೆ ಹೊಸದನ್ನು ಇಡುತ್ತದೆ. ಬ್ಯಾಕ್ ಎಂದರೆ ಮೇಲಿನದನ್ನು ತೆಗೆಯುವುದು. ಆಗ ಕೆಳಗಿನದು, ಬಿಟ್ಟಲ್ಲಿಂದಲೇ, ಸಾಮಾನ್ಯವಾಗಿ ಅದೇ ಸಾಲಿನಲ್ಲೇ, ಕಾಣಿಸಿಕೊಳ್ಳುತ್ತದೆ. ಹುಡುಗಿ ಮೇಲಿನದನ್ನು ತೆಗೆಯುವ ಬದಲು ಇನ್ನೊಂದು ಹೊಸ ಪಟ್ಟಿಯನ್ನು ಅದರ ಮೇಲೇ ಹೇರಿದಳು. ಲೆಕ್ಕ ಹಾಕಿ: ಮೊದಲ ಪಟ್ಟಿ ಒಂದು, ಐದು ಪುಸ್ತಕಗಳಿಗೆ ಐದು ವಿವರ, ಐದು ಹೊಸ ಪಟ್ಟಿ. ಒಟ್ಟು 11 ಪರದೆ. ಬ್ಯಾಕ್ ಒತ್ತುತ್ತ ಹೊರಬರಲು ಅಪ್ಪ 11 ಸಲ ಒತ್ತಬೇಕು. ಸರಿಯಾಗಿ ಬರೆದಿದ್ದರೆ ಒಂದೇ ಸಲ ಸಾಕಿತ್ತು.

ಹಿಂದಿರುಗುವ ದಾರಿಯನ್ನು ನೆನಪಿಟ್ಟುಕೊಳ್ಳುವ ಈ ಉಪಾಯ ಮೊಬೈಲಿಗಿಂತ ಬಹಳ ಹಳೆಯದು. ಗಣಕಯಂತ್ರವು ಒಂದು ಕೆಲಸದ ನಡುವೆ ಇನ್ನೊಂದು ಉಪಕೆಲಸಕ್ಕೆ ಹೋದರೆ, ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂದು ಅದಕ್ಕೆ ತಿಳಿದಿರಬೇಕಲ್ಲ? ಇಂಗ್ಲೆಂಡಿನ ಅಲನ್ ಟ್ಯೂರಿಂಗ್ 1946ರಲ್ಲೇ ಇದನ್ನು ಯೋಚಿಸಿ, ಹೋಗುವುದಕ್ಕೆ ‘ಹೂಳು’, ಮರಳುವುದಕ್ಕೆ ‘ಹೂತದ್ದನ್ನು ತೆಗೆ’ ಎಂಬರ್ಥದ ಪದಗಳನ್ನು ಬಳಸಿದ್ದರು. ಜರ್ಮನಿಯ ಫ್ರೀಡ್ರಿಶ್ ಬಾವರ್ ಮತ್ತು ಕ್ಲಾಸ್ ಸ್ಯಾಮೆಲ್ಸನ್ ಸ್ಟ್ಯಾಕ್ ಕಲ್ಪನೆಗೆ 1957ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಗ್ರಂಥಾಲಯದ ಪುಸ್ತಕ ಹುಡುಕುವ ಆ್ಯಪಿನಲ್ಲಿ ಅಪ್ಪನ ಹೆಬ್ಬೆರಳು ಹುಡುಕುತ್ತಿರುವುದೂ ಆ ಹೂತಿಟ್ಟ ದಾರಿಯನ್ನೇ.

ಬಾಣ ಎಲ್ಲಿಗೆ ಕರೆದೊಯ್ಯಬೇಕೆಂಬ ಪ್ರಶ್ನೆ ಇಷ್ಟಕ್ಕೇ ತೀರುವುದಿಲ್ಲ. ಆಂಡ್ರಾಯ್ಡಿನಲ್ಲಿ ಮೇಲಿನ ಬಾಣಕ್ಕೆ ‘ಅಪ್’ ಎಂದು ಹೆಸರು, ಫೋನಿನ ಬಟನ್ನಿಗೆ ‘ಬ್ಯಾಕ್’ ಎಂದು. ಬ್ಯಾಕ್ ಎಂದರೆ ಬಂದ ದಾರಿಯಲ್ಲೇ ಮರಳುವುದು. ಅಪ್ ಎಂದರೆ ಎಲ್ಲಿಂದ ಬಂದಿದ್ದರೂ ಆ ಊರಿನ ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲುವುದು. ಪಟ್ಟಿಯಿಂದ ವಿವರಕ್ಕೆ ಬಂದವರಿಗೆ ಎರಡೂ ಒಂದೇ. ಆದರೆ ‘ನೀವು ಕಾಯ್ದಿರಿಸಿದ ಪುಸ್ತಕ ಬಂದಿದೆ’ ಎಂಬ ಸೂಚನೆಯನ್ನು ಮುಟ್ಟಿ ನೇರವಾಗಿ ವಿವರದ ಪರದೆಗೆ ಇಳಿದವರ ಗತಿಯೇನು? ಅವರು ಪಟ್ಟಿಯನ್ನು ನೋಡಿಯೇ ಇಲ್ಲ, ಅವರ ದೋಸೆಯ ರಾಶಿಯಲ್ಲಿ ಕೆಳಗೆ ಏನೂ ಇಲ್ಲ. ಮೇಲಿನದನ್ನು ತೆಗೆದರೆ ಆ್ಯಪಿನಿಂದಲೇ ಹೊರಕ್ಕೆ ಬೀಳುತ್ತಾರೆ. ಬ್ಯಾಕ್ ಹಾಗೆ ಮಾಡಿದರೆ ನಡೆದೀತು. ಅಪ್ ಬಾಣ ಆ್ಯಪಿನಿಂದ ಹೊರಕ್ಕೆ ತಳ್ಳಬಾರದೆಂಬುದು ಆಂಡ್ರಾಯ್ಡ್ ರೂಪಿಸಿದ ಗೂಗಲ್‌ನವರ ನಿಯಮ. ಇಂಥಲ್ಲಿ ಸೂಚನೆಯನ್ನು ಕಳಿಸುವಾಗಲೇ ಕೆಳಗೊಂದು ಪಟ್ಟಿಯ ಪರದೆಯನ್ನು ಜೋಡಿಸಿಟ್ಟು ಕಳಿಸುವ ಅನುಕೂಲವಿದೆ. ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಇದನ್ನು ಮಾಡುವವರು ವಿರಳ.

ಐಫೋನ್ ಇರುವವರಿಗೆ ಈ ಎರಡರ ಗೊಂದಲ ಇಲ್ಲ. 2007ರಲ್ಲಿ ಅದು ಬಂದಾಗ ಮುಖದ ಮೇಲಿದ್ದದ್ದು ಒಂದೇ ಬಟನ್, ಅದೂ ಮೊದಲ ಪರದೆಗೆ ಮರಳಲು. ಹಿಂದಕ್ಕೆ ಹೋಗುವ ಹೊಣೆಯೆಲ್ಲ ಎಡ ಮೇಲ್ಮೂಲೆಯದೇ. 2013ರ ಐಓಎಸ್ 7ರಲ್ಲಿ ಅಂಚಿನಿಂದ ಬೆರಳೆಳೆದು ಹಿಂದೆ ಹೋಗುವುದು ಸೇರಿತು. ಆಂಡ್ರಾಯ್ಡಿನ ಮೊದಲ ಫೋನು 2008ರಲ್ಲಿ ಬಂದಾಗ ಬ್ಯಾಕಿಗೆಂದೇ ಒತ್ತಿದರೆ ಕೈಗೆ ತಿಳಿಯುವ ಪ್ರತ್ಯೇಕ ಕೀಲಿ ಇತ್ತು. 2011ರಿಂದ ಅದು ಪರದೆಯೊಳಗಿನ ಚಿತ್ರವಾಯಿತು. 2019ರ ಆಂಡ್ರಾಯ್ಡ್ 10ರಲ್ಲಿ ಅಂಚಿನಿಂದ ಬೆರಳೆಳೆಯುವ ಕ್ರಮ ಬಂದ ಮೇಲೆ, ಅದನ್ನು ಆರಿಸಿಕೊಂಡ ಫೋನುಗಳಲ್ಲಿ ಆ ಚಿತ್ರವೂ ಮಾಯ. ಹರೆಯದವರಿಗೆ ಇದು ಸಲೀಸು. ಮನೆಯ ಹಿರಿಯರಿಗೆ ಮಾತ್ರ, ಕಣ್ಣಿಗೆ ಕಾಣುವ ಗುರುತೆಂದರೆ ಮೇಲಿನ ಬಾಣವೊಂದೇ ಉಳಿಯಿತು. ‘ಪಕ್ಕದಿಂದ ಎಳಿ’ ಎಂದು ಮಗಳು ಹೇಳಿದ್ದು ಅಪ್ಪನಿಗೆ ಅರ್ಥವಾಗದಿದ್ದರೆ ತಪ್ಪು ಅಪ್ಪನದಲ್ಲ.

ಕಣ್ಣು ಕಾಣದವರ ವಿಷಯ ಇನ್ನೂ ಗಂಭೀರ. ಅವರ ಫೋನಿನಲ್ಲಿ ‘ಟಾಕ್‌ಬ್ಯಾಕ್’ ಎಂಬ ಸೌಲಭ್ಯ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ. ಹುಡುಗಿ ಬಳಸಿದ ಉದ್ದ ಹೆಸರಿನ ಆಜ್ಞೆಯಿಂದ ಬಂದ ಬಾಣಕ್ಕೆ ವ್ಯವಸ್ಥೆಯೇ ಒಂದು ಹೆಸರು ಕೊಟ್ಟಿರುತ್ತದೆ. ಕೆಲವರು ಚಂದ ಕಾಣಲೆಂದು ತಮ್ಮದೇ ಬಾಣದ ಚಿತ್ರ ತಂದು ಹಾಕುತ್ತಾರೆ, ಹೆಸರು ಹಾಕುವುದನ್ನು ಮರೆಯುತ್ತಾರೆ. ಆಗ ಕೇಳುವವರಿಗೆ ಅದು ಹೆಸರಿಲ್ಲದ ಬಟನ್. ಒತ್ತಿದರೆ ಏನಾದೀತೆಂದು ತಿಳಿಯದ ಬಟನ್ನನ್ನು ಯಾರು ತಾನೇ ಒತ್ತುತ್ತಾರೆ? ಒಂದೇ ಸಾಲಿನಲ್ಲಿ ಹೆಸರು ಕೊಡಬಹುದು, ಕನ್ನಡದಲ್ಲೇ ಕೊಡಬಹುದು. ಬಲದಿಂದ ಎಡಕ್ಕೆ ಓದುವ ಉರ್ದುವಿನಲ್ಲಿ ಆ್ಯಪ್ ತರುವವರು ಬಾಣದ ಮೊನೆಯನ್ನೂ ಬಲಕ್ಕೆ ತಿರುಗಿಸಬೇಕೆಂಬುದನ್ನು ಇಲ್ಲೇ ಸೇರಿಸಿಕೊಳ್ಳಬಹುದು.

ಪುಸ್ತಕದ ಪಟ್ಟಿ ಮೇಲಿನಿಂದ ಆರಂಭವಾದರೆ ಗೊಣಗಿ ಸುಮ್ಮನಾಗಬಹುದು. ಆದರೆ ವಿದ್ಯಾರ್ಥಿವೇತನದ ಅರ್ಜಿಯಾದರೆ? ಆಧಾರ್ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಸಂಖ್ಯೆ, ಬ್ಯಾಂಕ್ ಖಾತೆ, ಅಂಕಪಟ್ಟಿಯ ಚಿತ್ರ ಎಲ್ಲ ತುಂಬಿ, ಹೆಸರಿನ ಕಾಗುಣಿತ ತಿದ್ದಲೆಂದು ಬಾಣ ಒತ್ತಿದರೆ, ತುಂಬಿದ್ದೆಲ್ಲ ಅಳಿಸಿಹೋಗುವುದು ಎಷ್ಟೋ ಮನೆಗಳಲ್ಲಿ ಕಂಡ ಸಂಗತಿ. ಕೊನೆಯ ದಿನಾಂಕದ ರಾತ್ರಿಯಾದರಂತೂ ಕೇಳುವುದೇ ಬೇಡ. ಆ್ಯಪ್ ಬರೆದವರು ಇಲ್ಲಿ ಎರಡರಲ್ಲೊಂದು ಮಾಡಬೇಕು: ತುಂಬಿದ್ದನ್ನು ಆಗಾಗ ಉಳಿಸಿಡಬೇಕು, ಇಲ್ಲವೇ ‘ಬರೆದದ್ದು ಹೋಗುತ್ತದೆ, ಆದರೂ ಹೊರಡುವಿರಾ?’ ಎಂದು ಕೇಳಬೇಕು. ಉಳಿಸಿಡುವುದೇ ಮೇಲು, ಕೇಳುವುದು ಸೋಮಾರಿಯ ದಾರಿ.

ಕೇಳುವುದಾದರೂ ಎಲ್ಲ ಬಾಗಿಲಲ್ಲೂ ಕೇಳಬೇಕು. ಹುಡುಗಿ ತನ್ನ ಕಾಯ್ದಿರಿಸುವ ಅರ್ಜಿಗೆ ಇಂಥ ಎಚ್ಚರಿಕೆಯನ್ನು ಹಾಕಿದ್ದಳು. ಫೋನಿನ ಬ್ಯಾಕ್ ಒತ್ತಿದರೆ ಅದು ಬರುತ್ತಿತ್ತು. ಮೇಲಿನ ಬಾಣಕ್ಕೆ ಮಾತ್ರ ‘ಈ ಪರದೆಯನ್ನು ಮುಗಿಸು’ ಎಂದು ನೇರ ಆಜ್ಞೆ ಬರೆದಿದ್ದರಿಂದ ಎಚ್ಚರಿಕೆ ಬಾರದೆಯೇ ಅರ್ಜಿ ಮಾಯವಾಗುತ್ತಿತ್ತು. ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ಹಾರುಹೊಡೆದಿದೆ! ಇಂಥ ಪರದೆಯಲ್ಲಿ ಬಾಣವನ್ನೂ ಬ್ಯಾಕನ್ನೂ ಒಬ್ಬನೇ ದ್ವಾರಪಾಲಕನ ಮುಂದೆ ಹಾಯಿಸಬೇಕು. ಆಂಡ್ರಾಯ್ಡಿನಲ್ಲಿ ಅವನ ಹೆಸರು ‘ಆನ್ ಬ್ಯಾಕ್ ಪ್ರೆಸ್ಡ್ ಡಿಸ್‌ಪ್ಯಾಚರ್’. ಬಾಣ ಒತ್ತಿದಾಗ ಪರದೆಯನ್ನು ಮುಗಿಸುವ ಬದಲು, ‘ಬ್ಯಾಕ್ ಒತ್ತಿದ್ದಾರೆಂದು ತಿಳಿ’ ಎಂದು ಅವನಿಗೆ ಹೇಳಿದರಾಯಿತು. ಮುಂದಿನದನ್ನು ಅವನು ನೋಡಿಕೊಳ್ಳುತ್ತಾನೆ.

ಹಳೆಯ ಮಾದರಿಗಳನ್ನು ನೋಡಿ ಬರೆಯುವವರು ಇನ್ನೊಂದು ಮಾತು ಗಮನಿಸಬೇಕು. ಬಹುಪಾಲು ಹಳೆಯ ಪುಸ್ತಕಗಳಲ್ಲಿ ‘ಆನ್ ಬ್ಯಾಕ್ ಪ್ರೆಸ್ಡ್’ ಎಂಬ ಚಿಕ್ಕ ಹೆಸರಿನ ವಿಧಾನವೇ ಇರುತ್ತದೆ. 2022ರ ಆಂಡ್ರಾಯ್ಡ್ 13ರಲ್ಲಿ ಅದನ್ನು ಹಳತೆಂದು ಘೋಷಿಸಲಾಯಿತು. ಬೆರಳನ್ನು ಅಂಚಿನಿಂದ ಎಳೆಯುತ್ತಿರುವಾಗಲೇ, ಬಿಟ್ಟರೆ ಎಲ್ಲಿಗೆ ಹೋಗುತ್ತೀರಿ ಎಂಬುದನ್ನು ಇಣುಕಿ ತೋರಿಸುವ ವ್ಯವಸ್ಥೆಯನ್ನು ಆಗ ತಂದರು. ಹಾಗೆ ಇಣುಕಿಸಬೇಕಾದರೆ ‘ಬ್ಯಾಕನ್ನು ನಾನು ತಡೆಯುತ್ತೇನೆ’ ಎಂದು ಆ್ಯಪ್ ಮೊದಲೇ ಹೇಳಿರಬೇಕು. ಒತ್ತಿದ ಮೇಲೆ ಯೋಚಿಸಿದರೆ ತಡವಾಯಿತು. 2025ರ ಆಂಡ್ರಾಯ್ಡ್ 16ಕ್ಕೆಂದು ಸಿದ್ಧಪಡಿಸಿದ ಆ್ಯಪ್‌ಗಳಲ್ಲಿ, ಬೇಡವೆಂದು ವಿಶೇಷವಾಗಿ ಹೇಳದಿದ್ದರೆ, ಆ ಹಳೆಯ ವಿಧಾನವನ್ನು ವ್ಯವಸ್ಥೆ ಕರೆಯುವುದೇ ಇಲ್ಲ. ಅದರೊಳಗೆ ಎಷ್ಟು ಜಾಣತನದ ಎಚ್ಚರಿಕೆ ಬರೆದಿದ್ದರೂ ವ್ಯರ್ಥ.

ಹಣ ಕಟ್ಟುವ ಪರದೆಗಳಲ್ಲಿ ‘ದಯವಿಟ್ಟು ಬ್ಯಾಕ್ ಒತ್ತಬೇಡಿ’ ಎಂಬ ಸಾಲನ್ನು ಎಲ್ಲರೂ ಕಂಡಿದ್ದಾರೆ. ಪರೀಕ್ಷಾ ಶುಲ್ಕ ಕಟ್ಟುವಾಗ ಚಕ್ರ ತಿರುಗುತ್ತಲೇ ಇದ್ದರೆ ಎಂಥವರ ಎದೆಯೂ ಹೊಡೆದುಕೊಳ್ಳುತ್ತದೆ. ಕೋರಿಕೆ ಬ್ಯಾಂಕಿಗೆ ಹೋಗಿದೆ, ಉತ್ತರ ಬರಬೇಕಿದೆ. ಅಷ್ಟರಲ್ಲಿ ಪರದೆಯನ್ನು ತೆಗೆದರೆ ಉತ್ತರವನ್ನು ಕೇಳಿಸಿಕೊಳ್ಳಲು ಯಾರೂ ಇರುವುದಿಲ್ಲ. ಹಣ ಹೋಗಿರಬಹುದು, ರಸೀದಿ ಬಾರದಿರಬಹುದು. ಪ್ರತಿ ಪಾವತಿಗೂ ಮೊದಲೇ ಒಂದು ಸಂಖ್ಯೆ ಕೊಟ್ಟು, ಮತ್ತೆ ಬಂದಾಗ ಆ ಸಂಖ್ಯೆಯ ಗತಿಯೇನಾಯಿತೆಂದು ಸರ್ವರಿನಿಂದಲೇ ಕೇಳಿ ತಿಳಿಯುವಂತೆ ಬರೆದರೆ ಈ ಭಯ ಬೇಕಿಲ್ಲ. ಅದಕ್ಕೆ ದುಡಿಮೆ ಬೇಕು. ಒಂದು ಸಾಲು ಎಚ್ಚರಿಕೆ ಬರೆಯುವುದು ಸುಲಭ. ಆದ್ದರಿಂದಲೇ ಎಚ್ಚರಿಕೆಯ ಫಲಕಗಳು ಇಷ್ಟೊಂದು.

ಹುಡುಗಿ ತನ್ನ ಆ್ಯಪಿಗೆ ಕೊನೆಗೆ ಸೇರಿಸಿದ್ದು ಕೆಲವೇ ಸಾಲು. ಕೇಳುವವನನ್ನು ಸರಿಯಾದ ಕ್ರಮದಲ್ಲಿ ನೇಮಿಸಿದಳು. ಹೊಸ ಪಟ್ಟಿ ತೆರೆಯುವ ಆಜ್ಞೆಯನ್ನು ಅಳಿಸಿ ದ್ವಾರಪಾಲಕನಿಗೆ ಒಪ್ಪಿಸಿದಳು. ಮೂರನೆಯ ಸಲ ಫೋನು ಅಪ್ಪನ ಕೈಗೆ ಹೋಯಿತು. ಕೆಳಗಿನವರೆಗೆ ಸರಿಸಿದರು, ಒಂದು ಪುಸ್ತಕ ಮುಟ್ಟಿದರು, ಬಾಣ ಒತ್ತಿದರು. ಪಟ್ಟಿ ಬಿಟ್ಟಲ್ಲೇ ನಿಂತಿತ್ತು. ಕಾಯ್ದಿರಿಸುವ ಅರ್ಜಿಯನ್ನು ಅರ್ಧ ತುಂಬಿ ಬಾಣ ಒತ್ತಿದರೆ ‘ಹೊರಡುವಿರಾ?’ ಎಂದು ಕೇಳಿತು. ಅಪ್ಪ ಮತ್ತೆ ಪಟ್ಟಿಗೆ ಬಂದು ಎಡ ಮೇಲ್ಮೂಲೆಯನ್ನು ದಿಟ್ಟಿಸಿದರು.

“ಈ ಪುಟದಲ್ಲಿ ಬಾಣಾನೇ ಇಲ್ವಲ್ಲಮ್ಮಾ?”

“ಇದು ಮೊದಲನೇ ಪುಟ ಅಪ್ಪ. ಇಲ್ಲಿ ಹಾಕಬಾರದು.”